ದುರ್ಬೀನು ಕಳಿಸಿದ ಹದಿಮೂರು ಪತ್ರಗಳು

ನಮ್ಮ ಹೆಡ್‌ಕ್ಲರ್ಕಿಗೆ ನಾವಿಟ್ಟ ಹೆಸರು ದುರ್ಬೀನು. ಕುಡಿಯುವ ನೀರು ಪರೀಕ್ಷಿಸುವ ಆ ಸಣ್ಣ ಕಚೇರಿಯ ಟಪಾಲನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು. ಅಂಟಿಸಿದ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡದೆ ಬಿಟ್ಟವರಲ್ಲ. ಟೈಪಿಸ್ಟ್ ಆದ ನಾನು ಊಟ ಮುಗಿಸಿ ಎರಡು ನಿಮಿಷ ತಡವಾಗಿ ಬಂದರೂ "ಯಾರ ಹತ್ರ ಮಾತಾಡ್ತಿದ್ದೆ?" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಾಹೇಬರು ಇಂಟರ್ನೆಟ್ ಕಂಪನಿಯ ಹೊಸ ಲೈನು ಹಾಕಿಸಿ, ಕಪಾಟಿನ ಪಕ್ಕ ನಮ್ಮದೇ ಮೇಲ್ ಸರ್ವರ್ ಇಡಿಸಿದರು. ಬರುವ ಇಮೇಲ್ ಪತ್ರಗಳೆಲ್ಲ ಬಂದವು, ಹೋಗುವ ಒಂದೂ ತಲುಪಲಿಲ್ಲ.

"ಯಾರೋ ಕದೀತಿದಾರೆ," ಎಂದರು ದುರ್ಬೀನು. ಸರಿಮಾಡಲು ಕಂಪನಿಯಿಂದ ಬಂದ ಮೇಡಂ ಒಂದು ಕೀಲಿ ಒತ್ತಿದರೂ ಇವರು ಅವರ ಹೆಗಲ ಮೇಲಿಂದ ಇಣುಕುವರು.

ಪರೀಕ್ಷೆಗೆಂದು ತಮ್ಮ ಹೆಂಡತಿಗೇ ಪತ್ರ ಟೈಪು ಮಾಡಿಸಿದರು: 'ತಲುಪಿದ್ದಕ್ಕೆ ಉತ್ತರ ಬರೆಯತಕ್ಕದ್ದು.' ಸಂಜೆ ಮನೆಯಲ್ಲಿ ಕೇಳಿದರೆ ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, 'ಪತ್ರ ಬಂದಿಲ್ಲ' ಅಂದರಂತೆ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ಅಲ್ಲಿಗೆ ಅನುಮಾನ ಮನೆಯೊಳಗೇ ಹೊಕ್ಕಿತು.

"ಬಂದ ಪತ್ರನ ಅವಳೇ ಅಳಿಸ್ತಿದಾಳೆ. ಬರಿ: ನೀನು ಯಾರ ಜೊತೆ ಸೇರ್ಕೊಂಡಿದೀಯ ಅಂತ ನನಗೆ ಗೊತ್ತು."

"ಅಯ್ಯೋ, ಇದನ್ನ ನಾನು ಬರೆಯಲ್ಲ ಸಾರ್."

"ತಲುಪದಿದ್ರೆ ಯಾರಿಗೇನು ನೋವು? ತಲುಪಿದ್ರೆ ಅವಳ ಮುಖ ನೋಡಿದ್ರೆ ಗೊತ್ತಾಗುತ್ತೆ. ಬರಿ!"

ಬರೆದೆ. ಮರುದಿನ ಬಂದು, "ಮುಖದಲ್ಲಿ ಏನೂ ಇಲ್ಲ. ಎಂಥಾ ನಟನೆ!" ಎಂದರು. ಹೀಗೆ ನಾಲ್ಕು ದಿನದಲ್ಲಿ ಹದಿಮೂರು ಪತ್ರ, ಒಂದಕ್ಕಿಂತ ಒಂದು ಕಟುವಾಗಿ. ದಿನಾ ಇವರ ಅದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿ ಅಕ್ಕ ಕೊನೆಗೆ, "ಇನ್ನೊಂದ್ಸಲ ಅನುಮಾನ ಪಟ್ರೆ ತಂಗಿ ಮನೆಗೆ ಹೋಗ್ಬಿಡ್ತೀನಿ," ಅಂದಿದ್ದರಂತೆ. ಅದನ್ನೂ ಇವರು ನನಗೆ ಸಾಕ್ಷಿಯ ಹಾಗೆ ಹೇಳಿದರು.

ಐದನೆಯ ದಿನ ಮೇಡಂ ಕುರ್ಚಿ ತಿರುಗಿಸಿ ಕೂತರು. "ನಿಮ್ಮ ಲೈನಿಗೆ ಕೊಟ್ಟ ಇಂಟರ್ನೆಟ್ ವಿಳಾಸದ ನಂಬರು ಮೊದಲು ಯಾರೋ ಮೋಸಗಾರರ ಹತ್ರ ಇತ್ತು ಸಾರ್. ಅದಕ್ಕೇ ನಿಮ್ಮ ಪತ್ರನ ಬೇರೆಯವರ ಸರ್ವರ್‌ಗಳು ಅನುಮಾನಪಟ್ಟು ಒಳಗೆ ಬಿಡ್ತಿರ್ಲಿಲ್ಲ. ನಂಬರು ಬದಲಾಯಿಸಿದೀನಿ."

"ನಮ್ಮ ಮೇಲೆ ಅನುಮಾನವಾ? ನಾವೇನ್ ಮಾಡಿದ್ವಿ?" ದುರ್ಬೀನು ಸಿಡುಕಿದರು. ನನಗೆ ನಗು ತಡೆಯಲಾಗಲಿಲ್ಲ.

"ಏನೂ ಕಳೆದಿಲ್ಲ ಬಿಡಿ. ಹಳೇ ಪತ್ರ ಎಲ್ಲಾ ಸರ್ವರಲ್ಲೇ ಸಾಲಾಗಿ ಕಾಯ್ತಿದ್ವು. ಈಗ ಒಂದೊಂದಾಗಿ ಹೋಗ್ತಿವೆ."

ಸಾಹೇಬರು ಚಪ್ಪಾಳೆ ತಟ್ಟಿದರು. ನನ್ನ ನಗು ಅಲ್ಲೇ ಇಂಗಿಹೋಯಿತು. ದುರ್ಬೀನು ಮೇಜು ಹಿಡಿದು ಎದ್ದರು. "ನಿಲ್ಸಮ್ಮಾ! ನಿಲ್ಸು!"

"ಹೋಯ್ತಲ್ಲ ಸಾರ್."

ದುರ್ಬೀನು ಮನೆಗೆ ಫೋನು ಮಾಡಿದರು. ಅಕ್ಕ ಎತ್ತಲಿಲ್ಲ. ಮತ್ತೆ ಮಾಡಿದರು, ಆಗಲೂ ಇಲ್ಲ. ಆ ಪತ್ರಗಳನ್ನು ಟೈಪು ಮಾಡಿದ ನನ್ನ ಕೈಯನ್ನೇ ನೋಡಿಕೊಳ್ಳಲು ನನಗೆ ನಾಚಿಕೆಯಾಯಿತು. ಅರ್ಧ ಗಂಟೆಯಾದ ಮೇಲೆ ಅಕ್ಕನ ಉತ್ತರ ಬಂತು. ದುರ್ಬೀನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನೀನೇ ಓದಮ್ಮ," ಎಂದರು.

ಓದಿದೆ: 'ಹದಿಮೂರೂ ತಲುಪಿವೆ. ಬೀಗದ ಕೈ ಪಕ್ಕದ ಮನೆಯಲ್ಲಿದೆ.'