ಪೆನ್ನಿಲ್ಲದ ಕೈ

ಎಂಬಿಎ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸುವುದೇ ನನ್ನ ಕೆಲಸ. ಸಿಲಬಸ್ಸಿನಲ್ಲಿ ಅದಕ್ಕೆ ವಿಮರ್ಶಾತ್ಮಕ ಚಿಂತನೆ ಎಂಬ ದೊಡ್ಡ ಹೆಸರು. ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ, ಕುವೆಂಪುನಗರದಿಂದ ಸ್ಕೂಟರ್ ಓಡಿಸಿಕೊಂಡು ಹೋಗಿ ಅದನ್ನೇ ಕಲಿಸಿದ್ದೆ. ಆ ವರ್ಷ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು.

"ಸಮಿತಿಯೋರು ನಿಮ್ಮ ಕ್ಲಾಸಿಗೇ ಬರ್ತಾರೆ ಮೇಡಂ. ಚೆನ್ನಾಗಾದ್ರೆ ನಿಮ್ಮ ಕೆಲಸ ಖಾಯಂ. ಎಡವಟ್ಟಾದ್ರೆ ನನ್ನ ಕೇಳ್ಬೇಡಿ," ಎಂದರು ಪ್ರಿನ್ಸಿಪಾಲರು.

ನಾನು ಮಾಡಿದ ಘನಂದಾರಿ ಕೆಲಸ ನೋಡಿ, ಹಿಂದಿನ ದಿನ ರಿಹರ್ಸಲ್ ಮಾಡಿಸಿದೆ! ಪಾಠಕ್ಕೆ ಆರಿಸಿದ್ದು ಬನ್ನಿಮಂಟಪದ ಕಡೆಯ ಊದುಬತ್ತಿ ಕಾರ್ಖಾನೆಯೊಂದು ಮುಚ್ಚಿದ ಕಥೆ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಐದು ಜನಕ್ಕೆ ಬಾಯಿಪಾಠ ಮಾಡಿಸಿದೆ.

"ಎಲ್ಲರೂ ಕೈ ಎತ್ತಿ. ಉತ್ತರ ಗೊತ್ತಿರೋರು ಪೆನ್ನು ಹಿಡಿದು ಎತ್ತಿ, ಉಳಿದೋರು ಬರೀ ಕೈ. ನಾನು ಪೆನ್ನು ನೋಡಿ ಕೇಳ್ತೀನಿ."

ಇನ್‌ಸ್ಪೆಕ್ಟರ್ ಬಂದಾಗ ನಮ್ಮ ಸ್ಕೂಲಿನ ಮೇಷ್ಟ್ರು ಹೂಡುತ್ತಿದ್ದ ಉಪಾಯ ಅದು. ಮಕ್ಕಳು ನಕ್ಕರು. ಕೆಸರೆಯಿಂದ ಬರುತ್ತಿದ್ದ ಒಬ್ಬಳು ಮಾತ್ರ ನಗಲಿಲ್ಲ. ವರ್ಷವಿಡೀ ಪ್ರಶ್ನೆ ಕೇಳಿ ಕೇಳಿ ನನ್ನನ್ನು ಸುಸ್ತು ಮಾಡಿದವಳು ಅವಳೇ. ಅದಕ್ಕೇ ಹೆದರಿ, "ನೀನು ಬರೀ ಕೈ ಎತ್ತು ಸಾಕು ಕಣಮ್ಮ," ಎಂದಿದ್ದೆ.

ಮರುದಿನ ಸಮಿತಿಯ ಮೂವರು ಹಿಂದಿನ ಬೆಂಚಿನಲ್ಲಿ ಕೂತರು. ಬಾಗಿಲಲ್ಲಿ ಪ್ರಿನ್ಸಿಪಾಲರು. ಎರಡು ಪ್ರಶ್ನೆ ಸಲೀಸಾಗಿ ದಾಟಿದವು. ಮೂರನೆಯದಕ್ಕೆ ಎಲ್ಲರೂ ಕೈ ಎತ್ತಿದಾಗ ಸಮಿತಿಯ ಹಿರಿಯರು ಎದ್ದು ನಿಂತು ಕೆಸರೆಯ ಹುಡುಗಿಯತ್ತಲೇ ಬೆರಳು ತೋರಿದರು.

"ಈ ಕಾರ್ಖಾನೆ ವಿಷಯದಲ್ಲಿ ನೀನು ಮೊದಲು ಏನು ಕೇಳ್ತೀಯಮ್ಮ?"

ಅವಳು ನನ್ನನ್ನೇ ನೋಡಿದಳು. "ಕಾರ್ಖಾನೆಗಿಂತ ಮುಂಚೆ, ನನ್ನ ಕೈಲಿ ಪೆನ್ನು ಯಾಕಿಲ್ಲ ಅಂತ ಕೇಳ್ತೀನಿ ಸಾರ್."

ಹಿರಿಯರು ನನ್ನ ಕಡೆ ತಿರುಗಿದರು. "ಹಾಗಂದ್ರೆ ಏನು ಮೇಡಂ?"

ಅಯ್ಯೋ, ಅಷ್ಟು ಒಳ್ಳೆಯ ಪ್ರಶ್ನೆಯನ್ನು ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನು ಭೇಷ್ ಅನ್ನಬೇಕಿತ್ತು. ಉತ್ತರ ಎಲ್ಲ ನಿನ್ನೆಯೇ ನಾನು ಬಾಯಿಪಾಠ ಮಾಡಿಸಿದ್ದು ಸಾರ್ ಅಂತ ಒಪ್ಪಿಕೊಳ್ಳಬೇಕಿತ್ತು. ಬಾಗಿಲಲ್ಲಿದ್ದ ಪ್ರಿನ್ಸಿಪಾಲರ ಮುಖ ಕಂಡಿತು.

"ಗಾಬರಿಯಾಗಿದ್ದಾಳೆ ಸಾರ್, ಏನೇನೋ ಮಾತಾಡ್ತಾಳೆ. ಕೂತ್ಕೊಳಮ್ಮ," ಎಂದುಬಿಟ್ಟೆ. ಅವಳು ಕೂತಳು.

ಕೆಲಸ ಖಾಯಂ ಆಯಿತು. ಸ್ಟಾಫ್ ರೂಮಿನಲ್ಲಿ ಸ್ವೀಟು ಹಂಚಿದೆ, ನಾನು ಮಾತ್ರ ತಿನ್ನಲಿಲ್ಲ. ನಾಚಿಕೆಯಾಗಿತ್ತು. ಮುಂದಿನ ವಾರ ತರಗತಿಯಲ್ಲಿ, ಉತ್ತರ ನನಗೂ ಗೊತ್ತಿರದ ಒಂದು ಪ್ರಶ್ನೆ ಕೇಳಿ ಅವಳ ಮುಖ ನೋಡಿದೆ. ಈ ಸಲ ಅವಳ ಕೈಯಲ್ಲಿ ಪೆನ್ನು ಇತ್ತು.

"ಉತ್ತರ ನೀವೇ ಹೇಳಿ ಮೇಡಂ," ಎಂದಳು ತಲೆ ಬಗ್ಗಿಸಿ. "ಬರ್ಕೋತೀನಿ."