ಅಣ್ಣನ ಕೆಂಪು ರಿಬ್ಬನ್ನು

ಎಡ್ವಿನ್ ರೇನ್ ಕನಸುಗಾರ. ಥಾರ್ನ್‌ಗಿಲ್ ಊರಿನ ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ, ಪುರಸಭೆಯಲ್ಲಿ ಸದಸ್ಯನಾಗಿ ಕೂತಿದ್ದಾಗಲೂ ಅವನ ಕಿವಿಗೆ ಗಣಿಯ ಸೈರನ್ ಕೇಳುತ್ತಿತ್ತು. ಅಪ್ಪನಂತೆ, ಅಣ್ಣ ವಿಲ್ಫನಂತೆ ಅವನೂ ಕೆಂಪು ಪಕ್ಷದವನು. ಆ ಮನೆಯಲ್ಲಿ ಬೇರೆ ಪಕ್ಷದ ಹೆಸರೆತ್ತಿದವರಿಗೆ ಚಹಾ ಕೂಡ ಹುಟ್ಟುತ್ತಿರಲಿಲ್ಲ.

ಅಂಥವನು ಪಕ್ಷ ಬಿಟ್ಟಿದ್ದು ಒಂದು ಈಜುಕೊಳಕ್ಕಾಗಿ. ಗಣಿಯವರು ಕೂಲಿಯಲ್ಲಿ ಉಳಿಸಿ ಕಟ್ಟಿಸಿದ ಕೊಳ. ವಿಲ್ಫ್ ತಮ್ಮನ ಹೊಟ್ಟೆಗೆ ಅಂಗೈ ಕೊಟ್ಟು ಈಜು ಕಲಿಸಿದ್ದು ಅಲ್ಲೇ. ಅದನ್ನು ಮುಚ್ಚಲು ಸ್ವಂತ ಪಕ್ಷವೇ ಕೈಯೆತ್ತಿದ ಸಂಜೆ ಎಡ್ವಿನ್ ಎದ್ದ. ಸಭಾಂಗಣದ ಹಸಿರು ಜಮಖಾನೆ ದಾಟಿ, ಎದುರಿನ ಹಳದಿ ಪಕ್ಷದವರ ಬೆಂಚಿನಲ್ಲಿ ಕೂತುಬಿಟ್ಟ. ದಾಟುವಾಗ ಕಾಲಡಿ ನೀರಿದ್ದಂತೆ, ಹೊಟ್ಟೆಯ ಕೆಳಗೆ ಅಣ್ಣನ ಅಂಗೈ ಇದ್ದಂತೆ ಅನಿಸಿತು.

ಎಲ್ಲಿಯ ಅಂಗೈ! ವಿಲ್ಫ್ ಅಂದಿನಿಂದ ಮಾತು ಬಿಟ್ಟ. ಗಣಿಯವರ ಕ್ಲಬ್ಬಿಗೆ ತಮ್ಮ ಬಂದರೆ ಬಿಯರ್ ಗ್ಲಾಸು ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದ. ಊರು ಬೈದದ್ದನ್ನೆಲ್ಲ ಎಡ್ವಿನ್ ನುಂಗಿಕೊಂಡ, ಇದೊಂದನ್ನು ನುಂಗಲಾಗಲಿಲ್ಲ. ಮುಂದಿನ ಚುನಾವಣೆಗೆ ಹಳದಿ ಪಕ್ಷದಿಂದ ನಿಂತಾಗಲೂ ಗೆಲುವಿಗಿಂತ ಅಣ್ಣನ ಒಂದು ಮಾತು ಅವನಿಗೆ ಬೇಕಿತ್ತು.

ಮತದಾನದ ದಿನ ಶಾಲೆಯ ಗೇಟಿನಲ್ಲಿ ಎರಡೂ ಪಕ್ಷದವರು ಕುರ್ಚಿ ಹಾಕಿಕೊಂಡು ಕೂತಿದ್ದರು. ತಮ್ಮವರಲ್ಲಿ ಯಾರು ಯಾರು ಮತ ಹಾಕಿದರೆಂಬ ಲೆಕ್ಕಕ್ಕೆ, ಮತ ಹಾಕಿ ಬಂದವರು ತಮ್ಮ ಪಕ್ಷದವರಿಗೆ ಮತದಾರ ಸಂಖ್ಯೆ ಹೇಳಿ ಹೋಗುವುದು ವಾಡಿಕೆ. ಎದೆಗೆ ತಮ್ಮ ಪಕ್ಷದ ಹಳದಿ ರಿಬ್ಬನ್ನು ಚುಚ್ಚಿಕೊಂಡ ಮೇಬಲ್, ಅವಳ ಪಕ್ಕದಲ್ಲೇ ಕೆಂಪು ರಿಬ್ಬನ್ನಿನ ವಿಲ್ಫ್.

"ತಮ್ಮ ಈಗ ಒಳಗೆ ಹೋದ್ನಲ್ಲ, ಮುಖಾನೂ ನೋಡಲ್ವಾ?" ಎಂದು ಮೇಬಲ್ ಕೆಣಕಿದಳು.

"ಯಾವ ತಮ್ಮ? ಹಳದಿ ಬಳ್ದಿದೀರಲ್ಲ, ನೀವೇ ಇಟ್ಕೊಳ್ಳಿ," ಅಂದ ವಿಲ್ಫ್.

ತನ್ನ ಹೆಸರಿಗೆ ತಾನೇ ಪೆನ್ಸಿಲಿನಿಂದ ಗುರುತು ಹಾಕಿ ಎಡ್ವಿನ್ ಹೊರಬಂದ. ತಲೆ ಎಲ್ಲೋ, ಕಾಲು ಎಲ್ಲೋ. ಮೇ ತಿಂಗಳ ಎಳೆಬಿಸಿಲಿನಲ್ಲಿ ಕೊಳದ ನೀರಿನ ವಾಸನೆ ತೇಲಿಬಂದಂತಿತ್ತು. ನೇರ ಹೋಗಿ ವಿಲ್ಫನ ಮುಂದೆ ನಿಂತು, ಜೀವಮಾನದ ಅಭ್ಯಾಸದಂತೆ ತನ್ನ ಸಂಖ್ಯೆ ಹೇಳಿದ. ಅದೇ ಅಭ್ಯಾಸದಂತೆ ವಿಲ್ಫ್ ಬರೆದುಕೊಂಡ. ಆಮೇಲೆ ಇಬ್ಬರಿಗೂ ಎಚ್ಚರವಾಯಿತು.

"ಲೋ ಪೆದ್ದಾ," ಅಂದ ವಿಲ್ಫ್, "ನಿನ್ನವ್ರು ಆ ಕಡೆ ಕೂತಿರೋದು."

ಎಡ್ವಿನ್‌ಗೆ ಅಳು ಒತ್ತರಿಸಿ ಬಂತು. "ಗೊತ್ತಣ್ಣಾ. ಮರ್ತುಬಿಟ್ಟೆ."

ವಿಲ್ಫ್ ಪೆನ್ಸಿಲಿನ ತುದಿಯ ರಬ್ಬರನ್ನು ಹಾಳೆಯ ಮೇಲಿಟ್ಟ. ಆದರೆ ಉಜ್ಜಲಿಲ್ಲ. ಬಗ್ಗಿ, ಕುರ್ಚಿಯ ಅಡಿಯಿಂದ ಫ್ಲಾಸ್ಕು ತೆಗೆದ.

"ನಿಂಗೆ ವೋಟು ಹಾಕಿಲ್ಲ, ಹಾಕೋದೂ ಇಲ್ಲ," ಅಂದ. "ಕೂತ್ಕೊ, ಚಹಾ ಕುಡಿ."