ಕಾವು ಆದ ಮೇಲಿನ ಊರು

ಜಯಾ, ನಿನ್ನ ಗಂಡನ ವಿಷಯದಲ್ಲಿ ನಾನು ಡಾಕ್ಟರರಿಗೆ ಸುಳ್ಳು ಹೇಳಿದೆ. ಏನೇನೋ ಆಗಿಬಿಡಬಹುದೆಂದು ಹೆದರಿ ಹೇಳಿದೆ — ಮದ್ದಿನಂಗಡಿಯ ಲೈಸೆನ್ಸ್ ಹೋಗಬಹುದು, ಪೇಪರಿನಲ್ಲಿ ಹೆಸರು ಬರಬಹುದು, ಕಬಕದಲ್ಲಿ ಬಸ್ಸಿಗೆ ಕಾಯುವವರ ಬಾಯಿಗೆ ಭಾವನ ಎಚ್‌ಐವಿಯ ಸುದ್ದಿಯೂ ಸಿಗಬಹುದು, ನನಗೆ ಬಿಪಿ ಏರಿ ಅಲ್ಲೇ ಬೀಳಬಹುದು... ಯಾವುದೂ ಆಗಲಿಲ್ಲ. ಬಿಪಿ ಕೂಡ ನೂರಿಪ್ಪತ್ತರಲ್ಲೇ ಇತ್ತು, ನಾಚಿಕೆ ಇಲ್ಲದ್ದು.

ಪುತ್ತೂರು–ಸುಳ್ಯ ಬಸ್ಸಿನಲ್ಲಿ ಇಪ್ಪತ್ತು ವರ್ಷ ಕಂಡಕ್ಟರಾಗಿ ನಿಂತ ಭಾವನಿಗೆ ಸೊಂಟನೋವು, ಅದಕ್ಕೆ ನನ್ನ ಅಂಗಡಿಯ ಮಾತ್ರೆ — ಇಷ್ಟು ನಿನಗೆ ಗೊತ್ತು. ಅದು ಅಫೀಮಿನ ಗುಣವಿರುವ, ಕಾರ್ಖಾನೆಯಲ್ಲಿ ಮಾಡಿದ ಮಾತ್ರೆ, ಡಾಕ್ಟರರ ಚೀಟಿ ಇಲ್ಲದೆ ಕೊಡುವಂತಿಲ್ಲ ಎಂಬುದು ಗೊತ್ತಿಲ್ಲ. ಎರಡು ವರ್ಷ ಕೊಟ್ಟೆ. ಮನೆಯವರಲ್ಲವೇ ಎಂದು.

ಭಾವನಿಗೆ ಮರೆವು ಶುರುವಾದಾಗ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದವನೂ ನಾನೇ. ನಮ್ಮಲ್ಲಿ ರೋಗಿ ಸುಮ್ಮನೆ ಕೂರಬೇಕು, ಜೊತೆಗೆ ಹೋದವನು ಮಾತಾಡಬೇಕು. ಎಚ್‌ಐವಿಯ ಗುಳಿಗೆಯಿಂದ ರಕ್ತದ ವೈರಸ್ ಹತೋಟಿಗೆ ಬಂದರೂ ಮಿದುಳಿನಲ್ಲಿ ಅದು ಅಡಗಿರುತ್ತದಂತೆ. ಇಂಥ ನೋವಿನ ಮದ್ದು ಜೊತೆಗೂಡಿದರೆ ಅಲ್ಲಿನ ಉರಿಯೂತ ಹೆಚ್ಚಿ ನೆನಪು ಮಂಕಾಗಬಹುದಂತೆ. ಇಷ್ಟು ವಿವರಿಸಿ ಆ ಡಾಕ್ಟರಮ್ಮ ಭಾವನನ್ನೇ ಕೇಳಿದರು, "ಬೇರೆ ಮಾತ್ರೆ ಎಂತಾದ್ರೂ ತಗೊಳ್ತೀರಾ?"

ಭಾವ ನನ್ನ ಮುಖ ನೋಡಿದರು.

"ಎಂತದೂ ಇಲ್ಲ ಡಾಕ್ಟ್ರೆ," ಅಂದೆ ನಾನು.

ಹೊರಗೆ ಬಂದು ಭಾವ ನನ್ನ ಕೈ ಹಿಡಿದರು. "ನೀವು ಇದ್ದದ್ದು ಒಳ್ಳೆದಾಯ್ತು ಭಾವ. ನಂಗೆ ಅವರ ಹತ್ರ ಮಾತಾಡ್ಲಿಕ್ಕೆ ಬರುದಿಲ್ಲ."

ಆಮೇಲೂ ಏಳು ತಿಂಗಳು ಕೊಟ್ಟೆ — ನಿಲ್ಲಿಸಿದರೆ ಯಾಕೆಂದು ಕೇಳಿಯಾರೆಂಬ ಭಯ. ಮಲಗುವ ಮೊದಲು ಗ್ಯಾಸಿನ ನಾಬನ್ನು ಮೂರು ಸಲ ಮುಟ್ಟಿ ನೋಡುವ ಮನುಷ್ಯ ನಾನು. ಎಲ್ಲರೂ ಜಾಗ್ರತೆಯವನು ಅನ್ನುತ್ತಾರೆ. ಜಾಗ್ರತೆಯಂತೆ! ಬರೀ ಹೇಡಿತನ, ಅದಕ್ಕೊಂದು ಇಸ್ತ್ರಿ ಮಾಡಿದ ಅಂಗಿ. ನೀನು ಇವತ್ತಿಗೂ ಆ ವೈರಸ್ಸನ್ನೇ ಬೈಯುತ್ತೀ. ಅದರ ಪಾಲೆಷ್ಟು, ನನ್ನ ಮಾತ್ರೆಯ ಪಾಲೆಷ್ಟು — ಡಾಕ್ಟರರಿಗೆ ಹುಡುಕಲಿಕ್ಕೂ ನಾನು ಬಿಡಲಿಲ್ಲ.

ಸೋಮವಾರ ಖಾಲಿ ಸ್ಟ್ರಿಪ್ಪುಗಳನ್ನು ಹಿಡಿದು ಅವರ ಹತ್ತಿರ ಹೋಗುತ್ತೇನೆ. ನೀನೂ ಬಾ. ನಾನು ಹೇಳಬೇಕಾದ್ದನ್ನು ಹೇಳಿದ ಮೇಲೆ, ಭಾವನ ಪರವಾಗಿ ಮಾತಾಡುವವಳು ನೀನೇ.

ನಿನ್ನೆ ಅಂಗಡಿಗೆ ಬಂದವರೊಬ್ಬರು ಸುಳ್ಯದ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು ಕೇಳಿದರು. ಬೆಂಚಿನಲ್ಲಿದ್ದ ಭಾವ ಎದ್ದು ನಿಂತು, ಆ ಹಳೆಯ ಗಂಟಲಿನಲ್ಲಿ ಶುರುಮಾಡಿದರು — "ಕುಂಬ್ರ, ಕಾವು..."

ಅಲ್ಲಿಗೆ ನಿಂತರು. ಆ ದಿನದ ಹಾಗೆಯೇ ನನ್ನ ಮುಖ ನೋಡಿದರು.

"ಕಾವು ಆದ ಮೇಲೆ ಎಂತ ಭಾವ?"